ಕಾಡಿನ ಹಾದ್ಯಾಗ ಕಟಗಿ ಹೊರಿ ಕಂಡಿದ್ದು ಅತ್ತಿಯವರೊಬ್ಬರಿಗೇ

ನಮ್ಮ ವೈನಿ ಹೊಸಾ ಮನಿ ವಾಸ್ತುಶಾಂತಿಗೆ ಯಾರೋ ಒಂದು ದೊಡ್ಡ ಫ್ರೇಮ್ ಹಾಕಿಸಿದ ಚಿತ್ರ ಉಡುಗೊರಿ ಕೊಟ್ಟಿದ್ರು. ಅದನ್ನ ಹಾಲ್‌ನ್ಯಾಗ ದಿವಾನದ ಮ್ಯಾಲಿನ ಗ್ವಾಡಿಗೆ ಹಾಕ್ಯಾರ. ದಟ್ಟ ಗಿಡಗಳು, ನಡುವ ಬಳಸಿಕೊಂಡು ಹೋಗೋ ಮಣ್ಣಿನ ಹಾದಿ, ಮ್ಯಾಲ ಅರ್ಧ ಆಕಾಶದ ತುಂಬ ಮೋಡ, ಹಾದಿ ಮುಗಿಯೋ ಕಡೆ ದೂರದಾಗ ಒಂದು ಚರ್ಚಿನ ಗೋಪುರ. ಇಷ್ಟು ಬಾಗಲದಾಗ ನಿಂತವರಿಗೂ ಕಾಣಸ್ತದ.

ಈ ಸಲ ಚೈತ್ರದ ಅರಿಶಿಣ-ಕುಂಕುಮಕ್ಕ ನಾವೆಲ್ಲಾ ಅಲ್ಲೇ ಸೇರಿದ್ವಿ. ಕೋಸಂಬ್ರಿ, ಪಾನಕ ಮುಗಿಯೋದ್ರಾಗ ಮಾತು ಆ ಚಿತ್ರದ ಮ್ಯಾಲ ಬಂತು. ಮಗ್ಗಲ ಮನಿ ಕಾಕು ಅಂದ್ರು, "ಹೊರಗ ಹೋಗೋ ಹಾದಿ ಚಿತ್ರ ಹಾಲ್‌ನ್ಯಾಗ ಇರಬಾರದವಾ, ಮನ್ಯಾಗಿನ ಲಕ್ಷ್ಮಿ ಅದೇ ಹಾದಿ ಹಿಡದು ಹೊಂಟು ಹೋಗ್ತಾಳ." ನನ್ನ ನಾದಿನಿಗೆ ಮಾತ್ರ ಅದು ಭಾಳ ಮನಸಿಗೆ ಬಂದಿತ್ತು. "ಎಷ್ಟು ಶಾಂತ ಅದ ನೋಡ್ರಿ. ಒಂದು ನರಪಿಳ್ಳೆ ಇಲ್ಲ, ಕುಕ್ಕರ್ ಸೀಟಿ ಇಲ್ಲ, ಮೊಬೈಲ್ ಇಲ್ಲ. ಹಿಂತಾ ಕಡೆ ಹೋಗಿ ಎಂಟು ದಿನ ಇರಬೇಕು" ಅಂದಳು.

ನಮ್ಮ ಅತ್ತಿಯವರು ಮೊನ್ನೆ ಮೊನ್ನೆ ಕಣ್ಣಿನ ಪೊರಿ ತಗಿಸಿಕೊಂಡಾರ. ಎದ್ದು ಹೋಗಿ, ಗ್ವಾಡಿಗೆ ಮೂಗು ಹತ್ತೋ ಅಷ್ಟು ಹಂತ್ಯಾಕ ನಿಂತು ನೋಡಿದ್ರು. "ಯಾಕ ಇಲ್ಲ? ಇಲ್ಲೆ ಒಬ್ಬಾಂವ ಕಟಗಿ ಹೊರಿ ಕಟ್ಟಲಿಕ್ಕತ್ತಾನಲ್ಲ!"

ಎಲ್ಲಾರೂ ತಾಟು ಕೈಯಾಗ ಹಿಡಕೊಂಡೇ ಎದ್ವಿ. ಖರೇನ, ಇದ್ದಾನ. ಆಮ್ಯಾಲ ಒಬ್ಬೊಬ್ಬರೇ ಕಾಣಲಿಕ್ಕೆ ಶುರು ಆದ್ರು. ಸಲಿಕಿ ಹಿಡದು ಉಸುಕು ಅಗಿಯಾಂವ ಒಬ್ಬ. ಅವನ ಹತ್ತರ ನೆಲದ ಮ್ಯಾಲ ಕೂತ ಒಂದು ಹುಡಿಗಿ. ಹಾದಿ ಹಿಡದು ಹೊಂಟಾಂವ ಒಬ್ಬ. ನೀರಿನ ಹೊಂಡ, ಆಕಳ, ಬಾತುಕೋಳಿ, ದಿಬ್ಬದ ಮ್ಯಾಲ ಕತ್ತೆ, ಒಂದು ನಾಯಿ. ನರಪಿಳ್ಳೆ ಇಲ್ಲ ಅಂದ ಚಿತ್ರದಾಗ ಒಂದು ಓಣಿಗೆ ಆಗೋ ಅಷ್ಟು ಸಂಸಾರ ಇತ್ತು. ಇಷ್ಟು ದಿನ ಅದರ ಕೆಳಗ ಕೂತು ಚಹಾ ಕುಡದ ನಮಗ್ಯಾರಿಗೂ ಕಂಡಿದ್ದಿಲ್ಲ.

ಅವತ್ತಿನಿಂದ ಆ ಚಿತ್ರ ನನ್ನ ತಲಿ ಕೊರಿಲಿಕ್ಕತ್ತು. ಯಾರು ತಗದದ್ದು, ಯಾವಾಗ, ಅಲ್ಲಿ ಆ ಮಂದಿ ಯಾಕದಾರ ಅಂತ ಓದಿ ತಿಳಕೊಂಡೆ. ಹಿಂತಾ ಚಿತ್ರ ನೋಡಿ "ಏನು ಶಾಂತಿ, ಏನು ನಿಸರ್ಗ" ಅಂದು ಸುಮ್ಮನಾಗೋದು ಅರ್ಧಾ ನೋಡಿಧಂಗ, ಇದು ನನ್ನ ಅಭಿಪ್ರಾಯ. ಉಳಿದ ಅರ್ಧಾ ನಮ್ಮ ಅಡಗಿಮನಿಗೆ ಸಂಬಂಧಪಟ್ಟದ್ದು. ಅದಕ್ಕ ಇದನ್ನ ಇಲ್ಲೆ ಬರಿಲಿಕ್ಕತ್ತೀನಿ.

ಚಿತ್ರದ ಹೆಸರು 'ಕಾರ್ನರ್ಡ್ ವುಡ್'. ತಗದಾಂವ ಥಾಮಸ್ ಗೇನ್ಸ್‌ಬರೊ. ಮೂಲ ಚಿತ್ರ ಲಂಡನ್ನಿನ ನ್ಯಾಶನಲ್ ಗ್ಯಾಲರಿಯೊಳಗ ಅದ, 1875ರಾಗ ಅವರು ಕೊಂಡದ್ದು. ಹೆಚ್ಚುಕಡಿಮಿ ನಾಕು ಫೂಟು ಎತ್ತರ, ಐದು ಫೂಟು ಅಗಲ. ಇಂಗ್ಲೆಂಡಿನ ಪೂರ್ವಕ್ಕ ಸಫಕ್ ಅಂತ ಒಂದು ಸೀಮಿ, ಅಲ್ಲಿ ಸಡ್ಬರಿ ಅಂತ ಒಂದು ಊರು. ಅದೇ ಇವನ ಹುಟ್ಟೂರು, 1727ರಾಗ ಹುಟ್ಟಿದಾಂವ. ಕಾರ್ನರ್ಡ್ ಆ ಊರಿಗೆ ಹತ್ತಿದ ಹಳ್ಳಿ. ಅಂದ್ರ ಇದು ಅವನ ಮನಿ ಹಿಂದಿನ ಕಾಡು ಅಂತನ ಅನ್ನಬಹುದು.

ಅಪ್ಪಂದು ಅರಿವಿ ವ್ಯಾಪಾರ. ಅದು ಮುಳುಗಿ ದಿವಾಳಿ ಆತು, ಮುಂದ ಊರಿನ ಟಪಾಲು ಕೆಲಸ ಸಿಕ್ತು. ಮನಿ ತುಂಬ ಮಕ್ಕಳು, ಇಂವ ಎಲ್ಲಾರಿಗಿಂತ ಸಣ್ಣಾಂವ. ಅವ್ವಗ ಹೂವಿನ ಚಿತ್ರ ತಗಿಯೋ ಹವ್ಯಾಸ ಇತ್ತಂತ. ಸೋದರಮಾವನ ಸಾಲ್ಯಾಗ ಕಲಿತಿದ್ದ. ಅವನ ಬಗ್ಗೆ ಒಂದು ಕಥಿ ಹೇಳ್ತಾರ. "ಟಾಮ್‌ಗ ಇವತ್ತು ಸೂಟಿ ಕೊಡ್ರಿ" ಅಂತ ಅಪ್ಪನ ಅಕ್ಷರದಾಗ ತಾನೇ ಚೀಟಿ ಬರದು ಮಾಸ್ತರಗ ಕೊಟ್ಟು, ಇಡೀ ದಿನ ಕಾಡಿನ್ಯಾಗ ಕೂತು ಗಿಡ ಬರದು ಬರ್ತಿದ್ನಂತ. ಒಂದಿನ ಸಿಕ್ಕುಬಿದ್ದ. ಚೀಟಿ ನೋಡಿ ಅಪ್ಪಗ ಹುಡುಗ ಮುಂದ ಗಲ್ಲಿಗೇ ಹೋಗ್ತಾನ ಅನಿಸಿತಂತ, ಬರದ ಚಿತ್ರ ನೋಡಿದ ಮ್ಯಾಲ ದೊಡ್ಡ ಕಲಾವಿದ ಆಗ್ತಾನ ಅನಿಸಿತಂತ. ಕಥಿ ಎಷ್ಟು ಖರೆನೋ, ಆದ್ರ ಚೀಟಿ ಬರಿಯೋ ಹುಡುಗರು ನಮ್ಮ ಎಲ್ಲಾರ ಮನ್ಯಾಗೂ ಅದಾರ.

ಹದಿಮೂರರ ಸುಮಾರಿಗೆ ಹುಡುಗನ್ನ ಲಂಡನ್ನಿಗೆ ಕಲೀಲಿಕ್ಕೆ ಕಳಿಸಿದ್ರು. ಅಲ್ಲಿ ಡಚ್ಚರ ಚಿತ್ರ ನೋಡಿದ. ಯಾಕೊಬ್ ವಾನ್ ರೌಸ್‌ಡಾಲ್ ಅನ್ನೋ ಡಚ್ ಚಿತ್ರಕಾರನ ಒಂದು ಕಾಡಿನ ಚಿತ್ರಾನ ಇದ್ದಕ್ಕಿದ್ದಂಗ ಕರೀ ಸೀಮೆಸುಣ್ಣದಾಗ ನಕಲು ಮಾಡಿ ಕಲತ. 'ಕಾರ್ನರ್ಡ್ ವುಡ್' ಮುಗಿದದ್ದು 1748ರಾಗ, ಅವಗ ಆಗ ಇಪ್ಪತ್ತೊಂದು. ಅವನ ಪಾಲಿಗೆ ಅದು ಕೆಟ್ಟ ವರ್ಷ. ಮೊದಲನೇ ಕೂಸು, ಒಂದು ಹೆಣ್ಣುಮಗು, ಅದೇ ವರ್ಷ ಹೋತು. ಅಪ್ಪನೂ ಅದೇ ವರ್ಷ ತೀರಿಕೊಂಡ. ಚಿತ್ರದಾಗ ದುಃಖ ಏನೂ ಕಾಣಂಗಿಲ್ಲ, ಹಂಗ ಅಂತ ನಾನು ಹೇಳಂಗೂ ಇಲ್ಲ. ಆದ್ರ ಅಂವ ಬರದದ್ದು ತನ್ನ ಊರಿನ ಹಾದಿ ಅನ್ನೋದು ನೆನಪಿರಲಿ.

ಮುಂದ ನಲವತ್ತು ವರ್ಷ ಆದ ಮ್ಯಾಲ, 1788ರ ಮಾರ್ಚಿನ್ಯಾಗ, ತನ್ನ ಕಡೀ ವರ್ಷದಾಗ, ಈ ಚಿತ್ರದ ಬಗ್ಗೆ ಗೇನ್ಸ್‌ಬರೊ ಒಬ್ಬ ಗೆಳೆಯಗ ಪತ್ರ ಬರದ. ಸಾಲಿ ಬಿಡೋಕಿಂತ ಮೊದಲೇ ಇದನ್ನ ಸುರು ಮಾಡಿದ್ದೆ, ಅಪ್ಪ ನನ್ನನ್ನ ಲಂಡನ್ನಿಗೆ ಕಳಿಸಿದ್ದೇ ಇದರ ಸಲುವಾಗಿ ಅಂತ ಹೇಳಿದ. ಜೋಡಣಿ ಒಳಗ ಸಾಲಿ ಹುಡುಗನ ಕೈ ಕಾಣಸ್ತದ, ಆದ್ರ ಸಣ್ಣ ಸಣ್ಣದ್ದನ್ನ ಇದ್ದದ್ದು ಇದ್ದಂಗ ನೋಡಿ ಬರದದ್ರಾಗ ನನ್ನ ಮುಂದಿನ ಯಾವ ಕೆಲಸಕ್ಕೂ ಇದು ಕಡಿಮಿ ಇಲ್ಲ ಅಂತನೂ ಬರದ. ಇಪ್ಪತ್ತು ವ್ಯಾಪಾರಸ್ತರ ಕೈ ದಾಟಿ ಬಂದಿತ್ತಂತ, ನಡುವ ಒಮ್ಮೆ ಅವನೇ ಹತ್ತೊಂಬತ್ತು ಗಿನಿ ಕೊಟ್ಟು ಕೊಂಡಿದ್ನಂತ. ತಾನು ಬರದ ಚಿತ್ರ ತಾನೇ ರೊಕ್ಕ ಕೊಟ್ಟು ಕೊಳ್ಳೋದಂದ್ರ ಅದರ ಮ್ಯಾಲ ಎಷ್ಟು ಜೀವ ಇದ್ದೀತು, ನೀವೇ ಹೇಳ್ರಿ.

ಈಗ ನಮ್ಮ ಅತ್ತಿಯವರ ಕಟಗಿ ಹೊರಿಗೆ ಬರೋಣು.

ಆ ಕಾಡಿನ್ಯಾಗಿನ ಮಂದಿ ತಿರುಗಾಡಲಿಕ್ಕೆ ಬಂದವರಲ್ಲ, ಕದೀಲಿಕ್ಕೆ ಬಂದವರೂ ಅಲ್ಲ. ಅದು ಊರಮಂದಿ ಹಕ್ಕಿದ್ದ ಜಾಗಾ, ನಮ್ಮ ಕಡೆ ಗಾಯರಾಣ ಅಂತೀವಲ್ಲ, ಆ ನಮೂನಿದು. ಆಗಿನ ಇಂಗ್ಲೆಂಡಿನ್ಯಾಗ ಹಿಂತಾ ಜಾಗಾದಾಗ ಬಡವರಿಗೆ ಹಳೇ ಕಾಲದಿಂದ ಬಂದ ಹಕ್ಕು ಇರ್ತಿದ್ವು. ದನಾ ಮೇಸೋದು, ಉಸುಕು-ಮಣ್ಣು ತಗಿಯೋದು, ಒಣಾ ಕಟಗಿ ಆರಿಸೋದು. ಆ ಹಕ್ಕಿಗೊಂದು ಅಳತಿ ಇತ್ತು: ಮನಿ ಒಲಿಗೆ ಬೇಕಾದಷ್ಟು, ಮಾರಲಿಕ್ಕೆ ಅಲ್ಲ. ಇದನ್ನ ಓದಿದಾಗ ನನಗ ನಗು ಬಂತು. ಕಾನೂನು ಬರಿಯೋ ಗಣಮಕ್ಕಳು ಕಡೀಕೆ ಒಲಿ ಹಿಡದು ಲೆಕ್ಕಾ ಹಾಕಬೇಕಾತಲ್ಲ!

ಕಟಗಿ ಇಲ್ಲಂದ್ರ ಅವರ ಮನ್ಯಾಗ ಬ್ರೆಡ್ಡೂ ಇಲ್ಲ. ಇಟ್ಟಂಗಿ ಭಟ್ಟಿ ಒಳಗ ಕಟಗಿ ಸೂಡು ತುಂಬಿ ಉರಿ ಹಚ್ಚೋದು, ಭಟ್ಟಿ ಕಾದ ಮ್ಯಾಲ ಬೂದಿ-ಕೆಂಡ ಎಳದು ಹೊರಗ ಹಾಕೋದು, ಆ ಕಾವಿನ್ಯಾಗ ಹಿಟ್ಟು ಇಟ್ಟು ಬಾಗಲಾ ಮುಚ್ಚೋದು. ಚಿತ್ರದಾಗಿನ ಹೊರಿ ಅಂದ್ರ ಯಾವುದೋ ಒಂದು ಮನಿ ಊಟ. ಹೊಂಡದ ಆಕಳಂದ್ರ ಹಾಲು, ಬೆಣ್ಣಿ. ಗೇನ್ಸ್‌ಬರೊ ನಿಸರ್ಗ ಬರದಾನ ಅಂತೀವಿ. ನನಗ ಕಂಡದ್ದು ಒಂದು ಊರಿನ ಉಗ್ರಾಣ. ನಡುವಿನ ಹಾದಿ ಉಗ್ರಾಣದಿಂದ ಅಡಗಿಮನಿಗೆ ಹೋಗೋ ಹಾದಿ.

ಇದು ನನ್ನ ಕಲ್ಪನಾ ಅಷ್ಟೇ ಅನಬ್ಯಾಡ್ರಿ. ಅದೇ ಗೇನ್ಸ್‌ಬರೊ, ಅದೇ ಊರಿನ ಹತ್ತರ, ಮುಂದ ಒಂದೆರಡು ವರ್ಷದಾಗ, 1750ರ ಸುಮಾರಿಗೆ, ಇನ್ನೊಂದು ಚಿತ್ರ ಬರದಾನ. 'ಮಿಸ್ಟರ್ ಆ್ಯಂಡ್ ಮಿಸೆಸ್ ಆ್ಯಂಡ್ರೂಸ್' ಅಂತ, ಅದೂ ಈಗ ಅದೇ ಗ್ಯಾಲರಿಯೊಳಗ ಅದ. ಓಕ್ ಗಿಡದ ಕೆಳಗ ಹೊಸಾ ಗಂಡ-ಹೆಂಡ್ತಿ. ಅಂವ ಕೈಯಾಗ ಬಂದೂಕು, ಕಾಲಾಗ ನಾಯಿ. ಆಕಿ ನೀಲಿ ರೇಶಿಮಿ ಹಾಕ್ಕೊಂಡು ಬೆಂಚಿನ ಮ್ಯಾಲ ಕೂತಾಳ. ಹಿಂದ ಅವರ ಹೊಲ. ಬೆಳಿ ಸಾಲು ನೆಟ್ಟಗ ಗೀಟು ಹೊಡದಂಗ, ಕಟ್ಟಿಟ್ಟ ಸಿವುಡು, ಕುರಿ, ಬೇಲಿ. ಸಿವುಡು ಕಟ್ಟಿದವರು ಮಾತ್ರ ಎಲ್ಲೂ ಇಲ್ಲ. ಬೆಳಿ ತಾನೇ ತನ್ನನ್ನ ಕೊಯ್ಕೊಂಡು, ತಾನೇ ಕಟ್ಟಿಕೊಂಡು ನಿಂತಂಗದ.

ಎರಡೂ ಚಿತ್ರ ಮಗ್ಗಲಕ್ಕ ಮಗ್ಗಲ ಇಟ್ಟು ನೋಡ್ರಿ. ಕಾಡಿನ ಚಿತ್ರದಾಗ ಕೆಲಸ ಮಾಡವರೆಲ್ಲಾ ಅದಾರ, ಮಾಲಕ ಇಲ್ಲ. ಹೊಲದ ಚಿತ್ರದಾಗ ಮಾಲಕ ಅದಾನ, ಕೆಲಸ ಮಾಡವರು ಇಲ್ಲ. ಜಾನ್ ಬರ್ಜರ್ ಅನ್ನೋ ವಿಮರ್ಶಕ 1972ರಾಗ ಟೀವಿ ಕಾರ್ಯಕ್ರಮದಾಗೂ ಪುಸ್ತಕದಾಗೂ ಈ ದಂಪತಿ ಬಗ್ಗೆ ಹೇಳಿದ್ದು ಇದೇ ಧಾಟಿ: ಇವರು ನಿಸರ್ಗ ಆನಂದಿಸಲಿಕ್ಕೆ ಕೂತವರು ಅಷ್ಟೇ ಅಲ್ಲ, ಜಮೀನು ನಮ್ಮದು ಅನ್ನೋ ಹೆಮ್ಮಿ ಅವರ ಮಾರಿ ಮ್ಯಾಲ ಅದ. ಅಂವ ಹಂಗಂದದ್ದು ಭಾಳ ಮಂದಿಗೆ ಸೇರಲಿಲ್ಲ, ನನಗ ಸೇರ್ತದ.

ಆ ಹೆಂಡ್ತಿ ಬಗ್ಗೆ ಒಂದು ಮಾತು. ಆಕಿ ಮದವಿ ಆಗಿದ್ದು 1748ರ ನವೆಂಬರದಾಗ, ಹದಿನಾರರ ಆಸುಪಾಸು ವಯಸ್ಸು. ಚಿತ್ರದಾಗ ಆಕಿ ಉಡಿ ಇರೋ ಜಾಗಾ ಬರೀದ ಖಾಲಿ ಬಿಟ್ಟದ. ಕೂಸಿಗಂತ ಬಿಟ್ಟಿದ್ರೋ, ಗಂಡ ಬೇಟೆ ಆಡಿದ ಹಕ್ಕಿಗಂತ ಬಿಟ್ಟಿದ್ರೋ ಅಂತ ತಿಳದವರು ಇವತ್ತಿಗೂ ವಾದ ಮಾಡ್ತಾರ. ಎಷ್ಟೆಲ್ಲಾ ಜಮೀನು ಬಂದ್ರೂ ಹುಡಿಗಿ ಉಡ್ಯಾಗ ಏನು ಇರಬೇಕು ಅನ್ನೋದು ಆಕಿ ಕೈಯಾಗ ಇದ್ದಂಗಿಲ್ಲ. ನನಗಂತೂ ಆ ಬಂಗಾರದ ಚೌಕಟ್ಟಿನ ಚಿತ್ರಕ್ಕಿಂತ ಉಸುಕು ಅಗಿಯಾಂವನ ಹತ್ತರ ನೆಲದ ಮ್ಯಾಲ ಕೂತ ಹುಡಿಗಿನೇ ಆರಾಮ ಕಾಣಸ್ತಾಳ.

ಗೇನ್ಸ್‌ಬರೊ ಆ ಪತ್ರ ಬರದ 1788ರಾಗ, ಅದೇ ಸಫಕ್ ಸೀಮಿಯ ಒಬ್ಬ ಹೆಣಮಗಳ ಮೊಕದ್ದಮಿ ಲಂಡನ್ನಿನ ಕೋರ್ಟಿನ್ಯಾಗ ತೀರ್ಮಾನ ಆತು. ಟಿಮ್ವರ್ಥ್ ಅನ್ನೋ ಹಳ್ಳಿಯ ಮೇರಿ ಹೌಟನ್. ಸುಗ್ಗಿ ಮುಗಿದ ಹೊಲದಾಗ ಉದುರಿದ ತೆನಿ ಆರಿಸಿದ್ದು, ನಮ್ಮ ಭಾಷಾದಾಗ ಹಕ್ಕಲಾ ಆರಿಸಿದ್ದು, ಆಕಿ ತಪ್ಪು. ಹೊಲದ ಮಾಲಕ ಜೇಮ್ಸ್ ಸ್ಟೀಲ್ ಆಕಿ ಮ್ಯಾಲ, ಆಕಿ ಗಂಡನ ಮ್ಯಾಲ ದಾವಾ ಹಾಕಿದ. ಬಡವರಿಗೆ ಹಕ್ಕಲಾ ಬಿಡಬೇಕು ಅಂತ ಅವರ ಧರ್ಮಗ್ರಂಥದಾಗೂ ಅದ, ಅದನ್ನ ಕೋರ್ಟಿನ ಮುಂದ ಇಟ್ಟ್ರು. ಒಬ್ಬ ನ್ಯಾಯಾಧೀಶ ಆಕಿ ಕಡೆ ಇದ್ದ. ಉಳಿದವರು, ಹಕ್ಕಲಾ ಆರಿಸೋದು ಕಾನೂನಿನ ಹಕ್ಕಲ್ಲ ಅಂತ ತೀರ್ಪು ಕೊಟ್ಟ್ರು. ತೀರ್ಪು ಬಂದ್ರೂ ಎಷ್ಟೋ ಹಳ್ಳ್ಯಾಗ ಹೆಣಮಕ್ಕಳು, ಹುಡುಗರು ಮುಂದೂ ಆರಿಸಿಕೋತನ ಹೋದ್ರು, ಅದು ಬ್ಯಾರೆ ಮಾತು. ಅದೇ ಕಾಲಕ್ಕ ಪಾರ್ಲಿಮೆಂಟಿನ ಕಾಯ್ದೆಗಳು ಒಂದರ ಹಿಂದ ಒಂದು ಬಂದು, ಊರಿಗೊಂದಿಷ್ಟರಂಗ ಸಾರ್ವಜನಿಕ ಜಾಗಾಕ್ಕ ಬೇಲಿ ಬಿತ್ತು.

ನಲವತ್ತು ವರ್ಷದ ಅಂತರ. ಈ ಕಡೆ ಕಾಡಿನ್ಯಾಗ ನಿಶ್ಚಿಂತಿ ಕಟಗಿ ಕಟ್ಟೋ ಮನಷ್ಯಾ, ಆ ಕಡೆ ತೆನಿ ಆರಿಸಿದ್ದಕ್ಕ ಕೋರ್ಟಿಗೆ ಎಳೆಸಿಕೊಂಡ ಮೇರಿ. ಆ ಚಿತ್ರ ನೋಡಿದಾಗೆಲ್ಲಾ ನನಗ ಈ ಎರಡೂ ಒಟ್ಟಿಗೇ ನೆನಪಾಗ್ತಾವ.

ನಮ್ಮ ನಾದಿನಿ ಇದನ್ನ ಕೇಳಿ ಅಂದಳು, "ವೈನಿ, ಚಿತ್ರ ಬರದಾಂವ ಇಷ್ಟೆಲ್ಲಾ ವಿಚಾರ ಮಾಡಿದ್ನೇನು? ಮಂದಿನ್ನ ಇಟ್ಟ್ರ ಚಿತ್ರ ತುಂಬಿ ಕಾಣಸ್ತದ ಅಂತ ಇಟ್ಟಿರ್ತಾನ." ಮಾತು ಖರೆ ಅದ. ಡಚ್ಚರ ಚಿತ್ರದಾಗೂ ಹಿಂತಾ ಮಂದಿ ಇರ್ತಿದ್ರು, ಇಂವ ಅವರಿಂದ ಕಲತಾಂವ. ಇಂವ ಬಡವರ ಪರ ಹೋರಾಡಿದಾಂವ ಅಲ್ಲ. ದೊಡ್ಡವರ ಮಾರಿ ಚಿತ್ರ ಬರದು ಹೊಟ್ಟಿ ಹೊರಕೊಂಡಾಂವ, ಅದು ಸಾಕಾಗ್ಯದ, ಎಲ್ಲೆರೆ ಹಳ್ಳಿಗೆ ಹೋಗಿ ಗಿಡಾ ಬರಕೋತ ಇರಬೇಕು ಅಂತ ಗೆಳೆಯರ ಮುಂದ ಗೊಣಗಿದಾಂವ. ವಯಸ್ಸಾದ ಮ್ಯಾಲ ಅವನೇ ಬರದ ಗುಡಿಸಲದ ಚಿತ್ರದಾಗ ಬಡವರು ಎಷ್ಟು ಚಂದ ಕಾಣಸ್ತಾರಂದ್ರ, ಬಡತನನೇ ಛಲೋ ಅನಸಬೇಕು, ಹಂಗ.

ಆದ್ರ ನಾನು ಕೇಳೋದು, ಬರದಾಂವ ವಿಚಾರ ಮಾಡಿರಲಿಕ್ಕಿಲ್ಲ ಅಂದ ಕೂಡಲೇ ನಾವೂ ವಿಚಾರ ಮಾಡಬಾರದೇನು? ನಿಮ್ಮ ಮದವಿ ಅಲ್ಬಮ್ ತಗದು ನೋಡ್ರಿ. ಫೋಟೋದಾಂವ ಮದುಮಕ್ಕಳನ್ನ ತಗದಾನ. ಮೂಲ್ಯಾಗ, ಅರ್ಧಾ ಮಾರಿ ಕತ್ತರಿಸಿ, ಪಾತ್ರಿ ತೊಳಿಯೋಕಿ ಬುಟ್ಟಿ ಹಿಡದು ನಿಂತಿರ್ತಾಳ. ಆಕಿನ್ನ ಯಾರೂ ಬೇಕಂತ ತಗದಿರಂಗಿಲ್ಲ. ಆದ್ರ ಆ ಮದವಿ ಹೆಂಗ ನಡೀತು ಅನ್ನೋದಕ್ಕ ಆಕಿನೇ ಸಾಕ್ಷಿ. ಇಪ್ಪತ್ತೊಂದು ವರ್ಷದ ಹುಡುಗ ತನ್ನೂರಿನ ಕಾಡನ್ನ ಕಂಡಂಗ ಬರದ, ಸಾಕ್ಷಿ ತಾನಾಗೇ ಉಳೀತು.

ನಮ್ಮ ಜಿಲ್ಲಾದವರಿಗೆ ಇದು ಹೊಸಾ ಕಥಿ ಏನಲ್ಲ. 14 ನವೆಂಬರ್ 1987ಕ್ಕ ಕುಸನೂರಾಗ, ಆಗ ಅದು ಧಾರವಾಡ ಜಿಲ್ಲಾ, 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಆಗಿದ್ದು ನಿಮ್ಮೊಳಗ ಕೆಲವರಿಗೆ ನೆನಪಿರಬೇಕು. ದನಾ ಮೇಸೋ, ಕಟಗಿ-ಸೊಪ್ಪು ತರೋ ಸಾರ್ವಜನಿಕ ಜಾಗಾದಾಗ ಕಾರಖಾನಿ ತಿರುಳಿಗಂತ ನೀಲಗಿರಿ ಹಚ್ಚಿದ್ರು. ಊರಮಂದಿ ಆ ಸಸಿ ಕಿತ್ತು, ತಮಗ ಉಪಯೋಗ ಆಗೋ ಗಿಡ ಹಚ್ಚಿದ್ರು. ಶಿವರಾಮ ಕಾರಂತರೂ ಈ ಜಾಗಾದ ಸಲುವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ರು. ಗಿಡ ಇದ್ದ್ರ ಸಾಲದು, ಯಾರ ಒಲಿಗೆ ಆ ಗಿಡ ಅನ್ನೋದೇ ಅಲ್ಲೂ ಇದ್ದ ಜಗಳ.

ಈಗ ನನ್ನ ತಪ್ಪು ಒಪ್ಪಿಕೋತೀನಿ. ನಮ್ಮ ಕಾಲನಿ ಗಾರ್ಡನ್ನಿಗೆ ಹೋದ ವರ್ಷ ಬೇಲಿ ಹಾಕಿದ್ರು. ಒಳಗ ನಾಕು ಬೇವಿನ ಗಿಡ, ಒಂದು ಹುಣಸಿ ಗಿಡ ಅವ. ನಮ್ಮ ಮನಿ ಕೆಲಸಕ್ಕ ಬರೋಕಿ, ಸಿಲಿಂಡರ್ ತುಂಬಿಸೋ ರೊಕ್ಕ ಇಲ್ಲದ ತಿಂಗಳ ಅಲ್ಲಿ ಬಿದ್ದ ಟೊಂಗಿ ಆರಿಸಿಕೊಂಡು ಹೋಗ್ತಿದ್ದಳು. ವಾಚಮನ್ ಆಕಿನ್ನ ಬೈದು ಹೊರಿ ಕೆಳಗ ಇಡಿಸಿದ. ಆ ಟೊಂಗಿ ಏನಾದ್ವು ಗೊತ್ತದೇನ್ರಿ? ಕಸದ ಜೋಡಿ ಸುಟ್ಟ್ರು. ನಾನು ಗ್ಯಾಲರಿಯೊಳಗ ಅರಿವಿ ಒಣಗ ಹಾಕ್ಕೋತ ಎಲ್ಲಾ ನೋಡಿದೆ, ಒಂದು ಮಾತು ಆಡಲಿಲ್ಲ. ಗಾರ್ಡನ್ ಸ್ವಚ್ಛ ಕಾಣಸ್ತದ, ಶಾಂತ ಅದ ಅಂತ ನಾವೆಲ್ಲಾ ಹೊಗಳಿದ್ವಿ. ಮಂದಿನ್ನ ಹೊರಗ ಹಾಕಿ ಆಮ್ಯಾಲ ಶಾಂತಿ ಅನ್ನೋದು ಭಾಳ ಸಸ್ತಾ ಅದ.

ಬರೋ ಮೀಟಿಂಗಿನ್ಯಾಗ ನಾನು ಇದನ್ನ ಎತ್ತೋಳಿದ್ದೀನಿ. ಬಿದ್ದ ಒಣಾ ಟೊಂಗಿ ವಾರಕ್ಕ ಒಮ್ಮೆ ಬೇಕಾದವರು ಒಯ್ಯಲಿ ಅಂತ. ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಹಳ್ಳಿಗೆ ಸಾಧ್ಯ ಆದದ್ದು ನಮ್ಮ ಕಾಲನಿಗೆ ಆಗದೇನು? ನೀವೂ ಯಾರರೆ ನನ್ನ ಜೋಡಿ ಎದ್ದು ನಿಂತ್ರ ನನಗಷ್ಟು ಧೈರ್ಯ.

ಇನ್ನ ಕಾಕುನ ವಾಸ್ತು ಮಾತು. ಕಾಕು, ನಿಮಗ ಎದುರು ಆಡಲಿಕ್ಕಲ್ಲ, ಆದ್ರ ಆ ಹಾದಿ ಹೊರಗ ಅಷ್ಟೇ ಹೋಗಂಗಿಲ್ಲ. ಕಟಗಿ ಕಟ್ಟಾಂವ, ಉಸುಕು ಅಗಿಯಾಂವ ಎಲ್ಲಾರೂ ಹೊತ್ತು ಮುಣಗೋದ್ರಾಗ ಅದೇ ಹಾದಿಲೇ ಮನಿಗೆ ಬರಬೇಕು. ಲಕ್ಷ್ಮಿ ಹೋದ್ರ ಅದರಾಗೇ ಹೋಗ್ತಾಳ, ಬಂದ್ರೂ ಅದರಾಗೇ ಬರ್ತಾಳ, ತಲಿ ಮ್ಯಾಲ ಹೊರಿ ಹೊತಗೊಂಡು. ವೈನಿ ಚಿತ್ರ ತಗದಿಲ್ಲ, ಅಲ್ಲೇ ಅದ.

ಅವತ್ತು ಎಲ್ಲಾರೂ ಉಡಿ ತುಂಬಿಸಿಕೊಂಡು ಹೊಂಟ ಮ್ಯಾಲೂ ಅತ್ತಿಯವರು ಚಿತ್ರದ ಮುಂದ ನಿಂತೇ ಇದ್ರು. ಸಣ್ಣಾಕಿದ್ದಾಗ ಅವರೂ ಅವರವ್ವನ ಜೋಡಿ ಅಡವಿಗೆ ಕಟಗಿಗೆ ಹೋದವರು. "ಹೊರಿ ಅಂವ ಕಟ್ಟಲಿಕ್ಕತ್ತಾನ, ಖರೆ. ಹೊರೋರು ಯಾರು?" ಅಂತ ನನ್ನ ಕೇಳಿದ್ರು. ನನಗ ತಿಳೀಲಿಲ್ಲ. ಆಮ್ಯಾಲ ಆ ಕೂತ ಹುಡಿಗಿ ಮ್ಯಾಲ ಬಟ್ಟು ಇಟ್ಟು ಅವರೇ ಅಂದ್ರು, "ಈಕಿನ್ನ ಎಬ್ಬಸಬ್ಯಾಡ್ರಿ. ಒಂದ ಸ್ವಲ್ಪ ಕೂಡಲಿ."